ಗೂಡಿನ ದುಡ್ಡು, ಕೇಕಿನ ಲೆಕ್ಕ

2025ರ ಡಿಸೆಂಬರ್ 23, ಮಂಗಳವಾರ. ಬೆಳಗ್ಗೆ ಆರೂವರೆಗೆ ಮೆಟ್ಟಿಲ ಕೆಳಗಿರುವ ಮೀಟರ್ ಬೋರ್ಡಿಗೆ ಮೊಬೈಲ್ ಟಾರ್ಚ್ ಹಿಡಿದು ನಿಂತಿದ್ದೆ. ರಂಗೋಲಿ ಹಾಕುತ್ತಿದ್ದ ಓನರ್ ಆಂಟಿ ತಲೆಯೆತ್ತಿ, "ಏನಮ್ಮಾ, ಕರೆಂಟ್ ಹೋಯ್ತಾ?" ಎಂದರು. "ಇಲ್ಲ ಆಂಟಿ, ಇವತ್ತು ಕೇಕ್ ಇಡಬೇಕು, ಯೂನಿಟ್ ನೋಡ್ತಿದ್ದೀನಿ" ಅಂದೆ.

ನಾವಿರೋದು ಸಾರಕ್ಕಿಯಲ್ಲಿ, ಮೊದಲ ಮಹಡಿಯ ಬಾಡಿಗೆ ಮನೆ. ಗೃಹಜ್ಯೋತಿಯಲ್ಲಿ ನಮಗೆ ಸಿಗೋ ಉಚಿತ ಯೂನಿಟ್ 165. ಅದನ್ನು ದಾಟಿ 200ರೊಳಗೆ ಉಳಿದರೆ ಹೆಚ್ಚುವರಿ ಯೂನಿಟ್ಟಿಗಷ್ಟೇ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ ನಮ್ಮದೇ. ಹಿಂದಿನ ರೀಡಿಂಗ್ ಆಗಿ 21 ದಿನಕ್ಕೆ 134 ಯೂನಿಟ್ ಓಡಿತ್ತು. ಇದೇ ಲೆಕ್ಕದಲ್ಲಿ ಇನ್ನು ಹತ್ತು ದಿನ ಓಡಿದರೆ 198. ನಮ್ಮ ಓವನ್ 1,500 ವ್ಯಾಟ್‌ನದು. ಒಂದು ಕೇಕಿಗೆ ಒಂದು ಗಂಟೆ ಇಪ್ಪತ್ತು ನಿಮಿಷ ಅಂದರೆ ಹೆಚ್ಚೆಂದರೆ ಎರಡು ಯೂನಿಟ್. ಮೂರು ಕೇಕಿಗೆ ಆರು. 198ಕ್ಕೆ ಆರು ಸೇರಿಸಿದರೆ 204.

198ಕ್ಕೆ ನಿಂತರೆ ನಾನು ಕೊಡಬೇಕಾದ್ದು 33 ಯೂನಿಟ್ಟಿಗೆ, 5 ರೂಪಾಯಿ 80 ಪೈಸೆಯ ಹಾಗೆ, ಸುಮಾರು 191 ರೂಪಾಯಿ. 204 ಆದರೆ ಯೂನಿಟ್ ಲೆಕ್ಕವೇ 1,183. ನಿಗದಿತ ಶುಲ್ಕ, ಸರ್‌ಚಾರ್ಜು, ತೆರಿಗೆ ಬೇರೆ. ಮೂವತ್ತೈದು ರೂಪಾಯಿಯ ಕರೆಂಟು ಸಾವಿರ ರೂಪಾಯಿ ಎಳೆದುಕೊಂಡು ಬರುತ್ತಿತ್ತು.

ಹಾಗಂತ ಕೇಕ್ ಬಿಡೋಕಾಗುತ್ತಾ? ಮನೆಯಲ್ಲಿ ನಿಜವಾಗಿ ಕರೆಂಟ್ ತಿನ್ನೋದು ಯಾವುದು ಅಂತ ಕೂತು ನೋಡಿದೆ. ಗೀಸರ್. ಎರಡು ಕಿಲೋವ್ಯಾಟಿನದು ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ಡಿಸೆಂಬರ್ ಚಳಿಗೆ ನಾಲ್ಕು ಜನ ನಾಲ್ಕು ಹೊತ್ತಿನಲ್ಲಿ ಸ್ನಾನಕ್ಕೆ ಹೋಗಿ, ಪ್ರತಿ ಸಲವೂ ಹೊಸದಾಗಿ ನೀರು ಕಾಯಿಸುತ್ತಿದ್ದೆವು. ಅವತ್ತಿನಿಂದ ಒಬ್ಬರ ಹಿಂದೆ ಒಬ್ಬರು ಸ್ನಾನ, ಅರ್ಧ ಗಂಟೆಗೆ ಸ್ವಿಚ್ ಆಫ್ ಅಂತ ಹೇಳಿದೆ. ಮಗ ಮುಖ ಸಿಂಡರಿಸಿದ. "ಕೇಕ್ ಬೇಕಾ, ಬೇಡ್ವಾ?" ಅಂದ ಮೇಲೆ ಟವೆಲ್ ಹಿಡಿದು ಹೋದ.

ಏಳೂವರೆಗೆ ಸಾರಕ್ಕಿ ಮಾರ್ಕೆಟ್ಟಿಗೆ ಹೊರಟೆ. ಡಿಸೆಂಬರ್‌ನಲ್ಲಿ ಈ ಮಾರ್ಕೆಟ್ ನೋಡೋದೇ ಒಂದು ಸಂತೋಷ. ಸೊಗಡಿನ ಅವರೆಕಾಯಿ ರಾಶಿ, ಧನುರ್ಮಾಸದ ಪೂಜೆಗೆ ಸೇವಂತಿಗೆ, ಅದರ ಪಕ್ಕದಲ್ಲೇ ಕ್ರಿಸ್ಮಸ್ ಗೋದಲಿಗೆ ಹಾಸೋಕೆ ಹುಲ್ಲು ಕೇಳಿಕೊಂಡು ಬರುವ ನನ್ನಂಥವರು. ಪರ್ಸಿನಲ್ಲಿ ಮೂರು ಕವರ್ ಇಟ್ಟುಕೊಂಡಿದ್ದೆ: ತರಕಾರಿ ಮತ್ತು ಹೂವಿಗೆ ಒಂದು, ಅಡುಗೆ ಸಾಮಾನಿಗೆ ಒಂದು, ಕೊಡುಗೆಗೆ ಒಂದು. ಆ ವರ್ಷದ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳವರು ಸ್ಕ್ಯಾನರ್ ತೆಗೆದಿಟ್ಟರಲ್ಲ, ಆಗ ಶುರುವಾದ ನನ್ನ ಕ್ಯಾಶ್ ಅಭ್ಯಾಸ ಹಾಗೇ ಉಳಿದಿದೆ. ಫೋನಿನಲ್ಲಿ ಹೋದ ದುಡ್ಡು ಕಣ್ಣಿಗೆ ಕಾಣಲ್ಲ. ಕವರಿನಲ್ಲಿ ಎರಡು ನೂರರ ನೋಟು ಉಳಿದಿದ್ದರೆ ಕೈ ತಾನಾಗಿ ತಡೆಯುತ್ತೆ. ಹೂವಿನ ಅಕ್ಕ ಮೊಳಕ್ಕೆ ಹತ್ತು ರೂಪಾಯಿ ಜಾಸ್ತಿ ಹೇಳಿದರು. ಚೌಕಾಸಿ ಮಾಡಲಿಲ್ಲ. ವರ್ಷವೆಲ್ಲ ಅವರ ಹತ್ತಿರವೇ ತಗೊಳ್ಳೋದು, ಹಬ್ಬದ ವಾರದ ಹತ್ತು ರೂಪಾಯಿ ಅವರದ್ದೇ.

ಈ ಕವರಿನ ದುಡ್ಡು ಎಲ್ಲಿಂದ ಬಂತು ಅನ್ನೋದೇ ಈ ಅಂಕಣದ ಮುಖ್ಯ ಮಾತು. ನನ್ನ ತವರು ಕನಕಪುರ ತಾಲ್ಲೂಕಿನ ಹಾರೋಬೆಲೆ. ಸಾರಕ್ಕಿಯಿಂದ ಇದೇ ಕನಕಪುರ ರಸ್ತೆಯಲ್ಲಿ ದಕ್ಷಿಣಕ್ಕೆ ಹೋದರೆ ಸಿಗೋ, ಕನ್ನಡ ಮಾತಾಡುವ ಕಥೋಲಿಕರ ಹಳೆಯ ಊರು. ಅಪ್ಪ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಿದ್ದರು. ಒಂದು ಬೆಳೆಗೆ ಹೆಚ್ಚುಕಡಿಮೆ ಒಂದು ತಿಂಗಳು, ವರ್ಷಕ್ಕೆ ಐದಾರು ಬೆಳೆ. ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಮಾರಿ ಬಂದ ಅಪ್ಪ ದುಡ್ಡನ್ನು ಅವ್ವನ ಕೈಗೆ ಕೊಟ್ಟಾಗ ಅವ್ವ ಮೊದಲು ಮಾಡುತ್ತಿದ್ದ ಕೆಲಸ ಒಂದೇ: ಅದರಲ್ಲಿ ಒಂದು ನೋಟು ತೆಗೆದು ರಾಗಿ ಡಬ್ಬದೊಳಗಿನ ಹಳೇ ಕಾಫಿಪುಡಿ ಡಬ್ಬಿಗೆ ಹಾಕೋದು. ಬೆಳೆ ಚೆನ್ನಾಗಿ ಬಂದರೆ ಐವತ್ತರ ನೋಟು, ಹುಳಕ್ಕೆ ರೋಗ ಬಂದು ಹಾಳಾದರೆ ಐದು ರೂಪಾಯಿ. ಆದರೆ ಹಾಕದೆ ಬಿಟ್ಟಿದ್ದು ನಾನು ನೋಡಿಲ್ಲ. "ಕ್ರಿಸ್ಮಸ್ ಏನು ಹೇಳದೆ ಕೇಳದೆ ಬತ್ತದಾ? ಇಪ್ಪತ್ತೈದಕ್ಕೇ ಅಲ್ವಾ ಬರೋದು" ಅನ್ನುತ್ತಿದ್ದಳು. ಆ ಡಬ್ಬಿಯಲ್ಲೇ ಕಜ್ಜಾಯದ ಬೆಲ್ಲ, ನಮ್ಮ ಹೊಸ ಬಟ್ಟೆ, ಚರ್ಚಿನ ಕಾಣಿಕೆ ಎಲ್ಲ ಆಗುತ್ತಿತ್ತು. ಹಬ್ಬಕ್ಕೆ ಅಂತ ಅವ್ವ ಸಾಲ ಕೇಳಿದ್ದು ನನಗೆ ನೆನಪಿಲ್ಲ.

ನಾನು ಬೆಂಗಳೂರಿಗೆ ಬಂದು, ತಿಂಗಳ ಸಂಬಳದವಳಾಗಿ, ಅವ್ವನ ಬುದ್ಧಿ ಮರೆತೆ. ಮೂರು ವರ್ಷ ಸಾಲಾಗಿ ಡಿಸೆಂಬರ್ ಖರ್ಚನ್ನು ಕ್ರೆಡಿಟ್ ಕಾರ್ಡಿಗೆ ಹಾಕಿ, ಮಕ್ಕಳ ಸ್ಕೂಲ್ ಫೀಸಿನ ಕಂತು ಬರೋ ಹೊತ್ತಿಗೆ ಅದರ ಬಡ್ಡಿಯನ್ನೂ ಕಟ್ಟಿದೆ. ಹಬ್ಬದ ಚೀಟಿಗೂ ಸೇರಿ ನೋಡಿದೆ. ನಡೆಸುತ್ತಿದ್ದವರು ನವೆಂಬರ್‌ನಲ್ಲಿ ಮನೆ ಖಾಲಿ ಮಾಡಿದರು. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿ ಆಗಿದೆಯಾ ಅಂತ ಕೇಳುವ ಬುದ್ಧಿ ಆಗ ನನಗಿರಲಿಲ್ಲ. ನೋಂದಣಿ ಇಲ್ಲದ ಚೀಟಿಗೆ ದುಡ್ಡು ಕಟ್ಟಬೇಡಿ. ಪರಿಚಯದವರು ಅನ್ನೋದು ರಸೀದಿಯಲ್ಲ.

ಈಗ ಮಾಡುತ್ತಿರೋದು ಸರಳ. ಡಿಸೆಂಬರ್ 5ಕ್ಕೆ ಬ್ಯಾಂಕಿನಲ್ಲಿ ಹನ್ನೆರಡು ತಿಂಗಳ ಆರ್‌ಡಿ, ತಿಂಗಳಿಗೆ 1,500. ಸಂಬಳ ಬಂದು ನಾಲ್ಕು ದಿನಕ್ಕೆ ತಾನೇ ಕಡಿತವಾಗುತ್ತೆ. ಈ ಸಲ 18,000ಕ್ಕೆ ಆರುನೂರು ಚಿಲ್ಲರೆ ಬಡ್ಡಿ ಸೇರಿ ಕೈಗೆ ಬಂತು. ಅಂಚೆ ಕಚೇರಿ ಆರ್‌ಡಿಗೆ ಬಡ್ಡಿ 6.7, ತಿಂಗಳಿಗೆ ನೂರು ರೂಪಾಯಿಯಿಂದ ಕಟ್ಟಬಹುದು, ಒಳ್ಳೆಯದೇ. ಆದರೆ ಅದು ಐದು ವರ್ಷದ್ದು, ಮೂರು ವರ್ಷ ಆಗೋವರೆಗೆ ಮುರಿಯೋಕೆ ಬರಲ್ಲ. ವರ್ಷಾವರ್ಷ ಬರೋ ಹಬ್ಬಕ್ಕೆ ಅದು ಹೊಂದೋದಿಲ್ಲ, ಮಕ್ಕಳ ಓದಿಗೆ ಹೊಂದುತ್ತೆ.

ಹನ್ನೊಂದಕ್ಕೆ ಅಡುಗೆಮನೆ. ಒಣದ್ರಾಕ್ಷಿ, ಗೋಡಂಬಿ, ಖರ್ಜೂರ, ಟೂಟಿಫ್ರೂಟಿಯನ್ನು ಆಗಸ್ಟ್‌ನಿಂದಲೇ ಸ್ವಲ್ಪ ಸ್ವಲ್ಪ ತಂದಿದ್ದೆ. ಶಕ್ತಿ ಯೋಜನೆಯ ಟಿಕೆಟ್ಟಿನಲ್ಲಿ ಮಾರ್ಕೆಟ್ ಬಸ್ ಹತ್ತಿ ತರಗುಪೇಟೆಗೆ ಹೋದರೆ ಓಡಾಟದ ಖರ್ಚಿಲ್ಲ, ದರವೂ ಚಿಲ್ಲರೆ ಅಂಗಡಿಗಿಂತ ಕಡಿಮೆ. ಅಕ್ಟೋಬರ್‌ನಲ್ಲೇ ಎಲ್ಲವನ್ನೂ ಹೆಚ್ಚಿ ದ್ರಾಕ್ಷಿ ರಸದಲ್ಲಿ ನೆನೆಹಾಕಿದ್ದ ಭರಣಿಯ ಮುಚ್ಚಳ ತೆಗೆದರೆ ಮನೆಯೆಲ್ಲ ಘಮ್ ಅಂತು.

ಪ್ಲಮ್ ಕೇಕಿನಲ್ಲಿ ಸಕ್ಕರೆ ಸುಡೋದೇ ಪರೀಕ್ಷೆ. ದಪ್ಪ ತಳದ ಪಾತ್ರೆಯಲ್ಲಿ ಸಕ್ಕರೆ ಅಂಚಿನಿಂದ ಕರಗಿ ಮೊದಲು ಜೇನಿನ ಬಣ್ಣಕ್ಕೆ ಬರುತ್ತೆ, ಆಮೇಲೆ ಬೆಲ್ಲದ್ದು. ಅಲ್ಲಿಗೆ ಇಳಿಸಿದರೆ ಕೇಕು ಪೇಲವ. ಇನ್ನೂ ಕಾಯಬೇಕು, ಸೌಟು ಬಿಡಬಾರದು. ಸಣ್ಣ ನೊರೆಯೆದ್ದು ಗಟ್ಟಿ ಡಿಕಾಕ್ಷನ್ ಬಣ್ಣ ಬಂದ ಗಳಿಗೆಯಲ್ಲೇ ಬಿಸಿನೀರು ಹಾಕಬೇಕು. ಚೊಂಯ್ ಅಂತ ಆವಿ ಮುಖಕ್ಕೆ ಹೊಡೆಯುತ್ತೆ. ಹತ್ತು ಸೆಕೆಂಡ್ ತಡವಾದರೆ ಕಹಿ, ಸಕ್ಕರೆ ಚೆಲ್ಲಬೇಕು. ಆ ಹೊತ್ತಿಗೆ ಸರಿಯಾಗಿ ಬೇಕಿಂಗ್ ಪೌಡರಿನ ಡಬ್ಬಿ ನೋಡಿದ ಮಗಳು, "ಅಮ್ಮ, ಇದರ ಡೇಟ್ ಮುಗಿದಿದೆ" ಅಂದಳು. ಹತ್ತು ನಿಮಿಷದಲ್ಲಿ ತಂದುಕೊಡೋ ಆ್ಯಪಿನಲ್ಲಿ ಹುಡುಕಿದೆವು. ಡಬ್ಬಿಗೆ 35 ರೂಪಾಯಿ, ಡೆಲಿವರಿ, ಹ್ಯಾಂಡ್ಲಿಂಗ್, ಸಣ್ಣ ಆರ್ಡರಿನ ಶುಲ್ಕ ಎಲ್ಲ ಸೇರಿ 97. ಶುಲ್ಕ ತಪ್ಪಿಸಬೇಕಾದರೆ ಬೇಡದ ಇನ್ನೇನನ್ನೋ ಬುಟ್ಟಿಗೆ ಹಾಕಬೇಕು. ಅವಸರದ ದಿನ ದುಡ್ಡು ಸೋರೋದು ಹೀಗೇ, ದೊಡ್ಡ ಖರ್ಚಿನಲ್ಲಲ್ಲ. ಮಗಳನ್ನೇ ಮೂಲೆಯ ಅಂಗಡಿಗೆ ಓಡಿಸಿದೆ, 35ಕ್ಕೇ ಬಂತು.

ಮೂರು ಕೇಕಿಗೆ ಆದ ಖರ್ಚು ಬರೆದಿಟ್ಟಿದ್ದೇನೆ. ಬೆಣ್ಣೆ ಮುಕ್ಕಾಲು ಕೆಜಿ 429, ಸೆಪ್ಟೆಂಬರ್ 22ರ ಜಿಎಸ್‌ಟಿ ಇಳಿಕೆಯಿಂದ ನಂದಿನಿ ಅರ್ಧ ಕೆಜಿ ಬೆಣ್ಣೆ 305ರಿಂದ 286ಕ್ಕೆ ಇಳಿದದ್ದು ಉಪಕಾರವಾಯಿತು. ಎಂಟು ಮೊಟ್ಟೆ 64, ಮೈದಾ ಸಕ್ಕರೆ 90, ಮೊಟ್ಟೆಯಿಲ್ಲದ ಕೇಕಿಗೆ ಕಂಡೆನ್ಸ್‌ಡ್ ಮಿಲ್ಕ್ 140, ಒಣಹಣ್ಣು 900, ಮಸಾಲೆ ಮತ್ತು ಪುಡಿ 50. ಒಟ್ಟು 1,673, ಕೇಕಿಗೆ ಸುಮಾರು 560. ನಮ್ಮ ಬೀದಿಯ ಬೇಕರಿಯಲ್ಲಿ ಕೆಜಿ ಪ್ಲಮ್ ಕೇಕಿಗೆ 640. ಕೇಕಿನ ಮೇಲಿನ ಜಿಎಸ್‌ಟಿ ಕೂಡ 18ರಿಂದ 5ಕ್ಕೆ ಇಳಿದಿದೆ. ಅಂದರೆ ನನಗೆ ಉಳಿದದ್ದು ಕೇಕಿಗೆ 80 ರೂಪಾಯಿ, ಕೊಟ್ಟದ್ದು ಪೂರ್ತಿ ಒಂದು ದಿನ. ಮನೆಯಲ್ಲಿ ಮಾಡಿದರೆ ಉಳಿತಾಯ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾನು ಮಾಡೋದು ಬೇರೆ ಕಾರಣಕ್ಕೆ. ಮೊಟ್ಟೆಯಿಲ್ಲದ್ದು ಕೆಳಗಿನ ಮನೆಗೆ. ಯುಗಾದಿಗೆ ಆಂಟಿ ಕೊಡೋ ಒಬ್ಬಟ್ಟಿಗೆ ಅಂಗಡಿ ಡಬ್ಬ ತಿರುಗಿ ಕೊಡೋಕೆ ನನಗೆ ಮನಸ್ಸು ಬರಲ್ಲ. ಇನ್ನೊಂದು ಹಾರೋಬೆಲೆಗೆ, ಅವ್ವನಿಗೆ. ಮೂರನೆಯದು ನಮಗೆ, ಅದರಲ್ಲಿ ಕಾಲು ಭಾಗ ಹೂವಿನ ಅಕ್ಕನಿಗೆ.

ಕೊನೆಯ ಕೇಕ್ ಓವನ್ನಿಗೆ ಹೋದಾಗ ಸಂಜೆ ಆರು. ಮಕ್ಕಳು ಸಿನಿಮಾ ಮಾತು ತೆಗೆದರು. 25ಕ್ಕೆ ಸುದೀಪ್ ಅವರ ‘ಮಾರ್ಕ್’, ಶಿವಣ್ಣ, ಉಪೇಂದ್ರ, ರಾಜ್ ಬಿ. ಶೆಟ್ಟಿ ಅವರ ‘45’ ಎರಡೂ ಬರುತ್ತಿದ್ದವು. ಟಿಕೆಟ್ 200 ರೂಪಾಯಿ ಮೀರಬಾರದೆಂಬ ಸರ್ಕಾರದ ನಿಯಮಕ್ಕೆ ಸೆಪ್ಟೆಂಬರ್‌ನಲ್ಲೇ ಹೈಕೋರ್ಟ್ ತಡೆ ಕೊಟ್ಟಿದ್ದರಿಂದ ಹಬ್ಬದ ದಿನ ಮಲ್ಟಿಪ್ಲೆಕ್ಸ್ ಅಗ್ಗವಾಗೋ ಮಾತಿರಲಿಲ್ಲ. ಮುಂದಿನ ವಾರದ ಬೆಳಗಿನ ಆಟಕ್ಕೆ ಹೋಗೋಣ, ಇವತ್ತು ಮನೆಯಲ್ಲೇ ನೋಡೋಣ ಅಂದೆ. ಒಟಿಟಿ ತೆರೆಯೋಕೆ ಹೋದಾಗ ನಮ್ಮೆಜಮಾನ್ರ ಫೋನಿನಲ್ಲಿ ಯುಪಿಐ ಆಟೋಪೇ ಪಟ್ಟಿ ಕಣ್ಣಿಗೆ ಬಿತ್ತು. ಜನವರಿಯಲ್ಲಿ ಒಂದೇ ಒಂದು ಸಿನಿಮಾಕ್ಕೆ ಅಂತ ಹಾಕಿಸಿದ ಚಂದಾ, ತಿಂಗಳಿಗೆ 149ರಂತೆ ಆಮೇಲೂ ಹನ್ನೊಂದು ತಿಂಗಳು ಹೋಗಿತ್ತು. 1,639 ರೂಪಾಯಿ, ನನ್ನ ಮೂರು ಕೇಕಿನಷ್ಟು. ಕಡಿತಕ್ಕೆ 24 ಗಂಟೆ ಮೊದಲು ಸಂದೇಶ ಬರಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ, ಸಂದೇಶ ಬಂದಿದೆ ಕೂಡ, ನಾವು ಓದಿರಲಿಲ್ಲ. ಅಲ್ಲೇ ರದ್ದು ಮಾಡಿದೆವು, ಒಂದು ನಿಮಿಷದ ಕೆಲಸ. ನಿಮ್ಮ ಫೋನಿನಲ್ಲೂ ಆಟೋಪೇ ಅನ್ನೋ ಜಾಗವನ್ನು ಇವತ್ತೇ ಒಮ್ಮೆ ತೆರೆದು ನೋಡಿ.

ಮಗಳು ‘ಬೆಟ್ಟದ ಹೂವು’ ಹಾಕಿದಳು. 1985ರದ್ದು, ಪುಟ್ಟ ಪುನೀತ್‌ಗೆ ರಾಷ್ಟ್ರಪ್ರಶಸ್ತಿ ತಂದ ಚಿತ್ರ. ಬೆಟ್ಟ ಹತ್ತಿ ಹೂವು ತಂದು ಮಾರಿ, ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕೆಂದು ಕಾಸಿಗೆ ಕಾಸು ಕೂಡಿಸಿಡೋ ರಾಮು, ಕೊನೆಗೆ ಆ ದುಡ್ಡಿನಲ್ಲಿ ಮನೆಯವರಿಗೆ ಕಂಬಳಿ ತರುತ್ತಾನೆ. ಮಗ ಏನೂ ಮಾತಾಡಲಿಲ್ಲ, ನನ್ನ ಶಾಲಿನೊಳಗೆ ಸರಿದು ಕೂತ. ಅಷ್ಟರಲ್ಲಿ ಓವನ್ ಗಂಟೆ ಹೊಡೆಯಿತು. ಕೇಕಿನ ನಡುವಿಗೆ ಚುಚ್ಚಿದ ಕಡ್ಡಿ ಹಿಟ್ಟು ಹತ್ತದೆ ಬಂತು.

ಜನವರಿ 2ಕ್ಕೆ ರೀಡಿಂಗಿನವರು ಬಂದರು. 194 ಯೂನಿಟ್. ಹೊಸ ಆರ್‌ಡಿಯ ಎರಡನೇ ಕಂತು 5ಕ್ಕೆ ಕಡಿತವಾಗಿದೆ.