ಮೈಕ್ರೋಫಿಲ್ಮ್ ಮತ್ತು ರಾಷ್ಟ್ರೀಯ ಪತ್ರಾಗಾರ: ಪರೀಕ್ಷಾ ಟಿಪ್ಪಣಿ

ಭಾರತದ ರಾಷ್ಟ್ರೀಯ ಪತ್ರಾಗಾರ 1891ರ ಮಾರ್ಚ್ 11ರಂದು ಕಲ್ಕತ್ತಾದಲ್ಲಿ ‘ಇಂಪೀರಿಯಲ್ ರೆಕಾರ್ಡ್ ಡಿಪಾರ್ಟ್‌ಮೆಂಟ್’ ಎಂಬ ಹೆಸರಿನಲ್ಲಿ ಆರಂಭವಾಯಿತು. ಮೊದಲ ಮುಖ್ಯಸ್ಥ ಜಿ.ಡಬ್ಲ್ಯೂ. ಫಾರೆಸ್ಟ್. ದೆಹಲಿಯ ಜನಪಥದಲ್ಲಿರುವ ಕಟ್ಟಡ 1926ರದು, ವಿನ್ಯಾಸ ಲುಟಿಯೆನ್ಸ್‌ನದು. ಸ್ಥಾಪನೆಯ ಊರು ಕೇಳಿದಾಗ ದೆಹಲಿಗೆ ಟಿಕ್ ಹಾಕುವವರೇ ಹೆಚ್ಚು! ಈಗ ಪತ್ರಾಗಾರವು ಸಂಸ್ಕೃತಿ ಸಚಿವಾಲಯದ ಅಧೀನದಲ್ಲಿದೆ.

ಹಳೆಯ ಕಡತವನ್ನು ಪದೇಪದೇ ತಿರುವಿದರೆ ಅಂಚು ಪುಡಿಯಾಗುತ್ತದೆ. ಆದ್ದರಿಂದ ಪುಟಗಳನ್ನು ಸಾಮಾನ್ಯವಾಗಿ 35 ಅಥವಾ 16 ಮಿ.ಮೀ. ಅಗಲದ ಫಿಲ್ಮಿಗೆ ಕುಗ್ಗಿಸಿ ಇಳಿಸುತ್ತಾರೆ. ಇದೇ ಮೈಕ್ರೋಫಿಲ್ಮ್. ಮೂಲ ನೆಗೆಟಿವ್ ತಣ್ಣನೆಯ, ಒಣ ಕೋಣೆಯಲ್ಲಿ ಭದ್ರ. ಸಂಶೋಧಕರ ಕೈಗೆ ಸಿಗುವುದು ಅದರ ಪ್ರತಿ ಮಾತ್ರ. ಪಾಲಿಯೆಸ್ಟರ್ ತಳದ ಸಿಲ್ವರ್ ಫಿಲ್ಮ್ ಸರಿಯಾಗಿ ಇಟ್ಟರೆ ಸುಮಾರು 500 ವರ್ಷ ಬಾಳುತ್ತದೆಂಬ ಅಂದಾಜಿದೆ. ಹಳೆಯ ಅಸಿಟೇಟ್ ಫಿಲ್ಮಿನದು ಬೇರೆ ಕಥೆ: ಸೆಕೆ, ತೇವ ತಗುಲಿದರೆ ವಿನೆಗರ್‌ನಂತೆ ಹುಳಿ ವಾಸನೆ ಬಿಟ್ಟು ಮುದುಡುತ್ತದೆ. ಇದೇ ‘ವಿನೆಗರ್ ಸಿಂಡ್ರೋಮ್’. ಡಿಜಿಟಲ್ ಕಡತಕ್ಕೆ ಸಾಫ್ಟ್‌ವೇರ್ ಬೇಕು, ಫಿಲ್ಮ್ ಓದಲು ಬೆಳಕು ಮತ್ತು ಮಸೂರ ಸಾಕು. ಈ ತಂತ್ರ ಹಳತಾದರೂ ಸಾಯದಿರುವುದಕ್ಕೆ ನನ್ನ ಮಟ್ಟಿಗೆ ಇದೇ ಕಾರಣ. ಭಾರತಕ್ಕೆ ಸಂಬಂಧಿಸಿದ ವಿದೇಶಿ ದಾಖಲೆಗಳ ಮೈಕ್ರೋಫಿಲ್ಮ್ ಪ್ರತಿಗಳೂ ಪತ್ರಾಗಾರದಲ್ಲಿವೆ.

ನೆನಪಿರಲಿ: ಮೈಕ್ರೋಫೋಟೋ ತೆಗೆದ ಮೊದಲಿಗ ಇಂಗ್ಲೆಂಡಿನ ಜಾನ್ ಬೆಂಜಮಿನ್ ಡ್ಯಾನ್ಸರ್ (1839). ಮೈಕ್ರೋಫಿಲ್ಮಿಗೆ ಪೇಟೆಂಟ್ ಪಡೆದವನು ಫ್ರಾನ್ಸಿನ ರೆನೆ ಡಾಗ್ರೋನ್ (1859). 1870-71ರ ಪ್ಯಾರಿಸ್ ಮುತ್ತಿಗೆಯಲ್ಲಿ ಪಾರಿವಾಳಗಳು ಹೊತ್ತದ್ದು ಸಂದೇಶಗಳಿದ್ದ ಇವನ ಫಿಲ್ಮನ್ನೇ.

ಸಾರ್ವಜನಿಕ ದಾಖಲೆಗಳ ಕಾಯ್ದೆ 1993ರದು, ನಿಯಮಗಳು 1997ರವು. ಕೇಂದ್ರದ ಪೂರ್ವಾನುಮತಿಯಿಲ್ಲದೆ ದಾಖಲೆಯನ್ನು ದೇಶದಾಚೆ ಒಯ್ದರೆ 5 ವರ್ಷದವರೆಗೆ ಸೆರೆ, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ.