ಮೊಲಕ್ಕೆ ಮೊದಲು ಹುಲ್ಲು, ಆಮೇಲೆ ಕ್ಯಾರೆಟ್

ಮಕ್ಕಳ ಹಟಕ್ಕೆ ಮನೆಗೆ ಮೊಲ ತಂದಿರಾ? ಸಂತೋಷ. ಆದರೆ ಮುದ್ದಿನ ಭರದಲ್ಲಿ ದಿನವೂ ಕ್ಯಾರೆಟ್, ಬಿಸ್ಕತ್ತು, ಅನ್ನ ತಿನ್ನಿಸಬೇಡಿ. ಮೊಲದ ಹಲ್ಲು ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುತ್ತದೆ. ಅದು ಸವೆಯಬೇಕು, ಕರುಳು ಸರಾಗವಾಗಿ ಕೆಲಸ ಮಾಡಬೇಕು ಎಂದರೆ ಹಗಲೂ ರಾತ್ರಿ ಒಣಹುಲ್ಲು ಮುಂದಿರಬೇಕು. ಜೊತೆಗೆ ತೊಳೆದ ಕೊತ್ತಂಬರಿ ಸೊಪ್ಪು, ಬಟ್ಟಲು ತುಂಬ ನೀರು ಇಡಿ. ಕ್ಯಾರೆಟ್ ಅಪರೂಪಕ್ಕೆ ಒಂದು ಚೂರು ಸಾಕು.

ಕಿವಿ ಹಿಡಿದು ಎತ್ತಬೇಡಿ. ಎದೆಗೂ ಹಿಂಗಾಲಿಗೂ ಕೈ ಆಸರೆ ಕೊಡಿ. ಸ್ನಾನ ಮಾಡಿಸಬೇಡಿ, ಬೆದರಿ ಜೀವಕ್ಕೇ ಕುತ್ತು ಬಂದೀತು. ಬೇಸಿಗೆಯಲ್ಲಿ ಗೂಡನ್ನು ಬಿಸಿಲು ಬೀಳುವ ಬಾಲ್ಕನಿಯಲ್ಲಿಡದೆ ತಂಪಾದ ಮೂಲೆ ನೋಡಿ.

ಮೊಲ ನೋವನ್ನು ಮುಚ್ಚಿಡುವ ಪ್ರಾಣಿ. ಅರ್ಧ ದಿನ ಮೇವು ಮುಟ್ಟದೆ, ಹಿಕ್ಕೆ ಹಾಕದೆ ಮುದುರಿ ಕೂತರೆ ‘ನಾಳೆ ನೋಡೋಣ’ ಎನ್ನಬೇಡಿ; ಕೂಡಲೇ ಪಶುವೈದ್ಯರ ಬಳಿ ಕರೆದೊಯ್ಯಿರಿ.