ಕಾಫಿ ತೋಟದ ತಾಯಂದಿರು: ಹಾಲೂಡಿಸುವ ಹಕ್ಕು

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ತೋಟಗಳಲ್ಲಿ ನವೆಂಬರ್ ಹೊತ್ತಿಗೆ ಅರೇಬಿಕಾ ಕೊಯ್ಲು ಬಿರುಸಾಗುತ್ತದೆ, ಆಮೇಲೆ ರೋಬಸ್ಟಾ ಸರದಿ. ಹಣ್ಣು ಬಿಡಿಸುವ ಹೆಣ್ಣಾಳುಗಳಲ್ಲಿ ಎಳೆಗೂಸಿನ ತಾಯಂದಿರೂ ಇರುತ್ತಾರೆ.

ಇವರಿಗಾಗಿ 1951ರ ತೋಟ ಕಾರ್ಮಿಕರ ಕಾಯ್ದೆ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯಗೊಳಿಸಿತ್ತು. 50 ಮಹಿಳಾ ಕಾರ್ಮಿಕರು ಅಥವಾ ಅವರ 20 ಮಕ್ಕಳಿದ್ದರೆ ಸಾಕಿತ್ತು. 1961ರ ಹೆರಿಗೆ ಸೌಲಭ್ಯ ಕಾಯ್ದೆಯು ಮಗುವಿಗೆ 15 ತಿಂಗಳು ತುಂಬುವವರೆಗೆ, ವಿಶ್ರಾಂತಿ ವೇಳೆಯ ಜೊತೆಗೆ, ದಿನಕ್ಕೆ ಎರಡು ಹಾಲೂಡಿಸುವ ಬಿಡುವು ಕೊಟ್ಟಿತು. 2017ರ ತಿದ್ದುಪಡಿ ಮೊದಲ ಎರಡು ಹೆರಿಗೆಗಳ ರಜೆಯನ್ನು 12ರಿಂದ 26 ವಾರಕ್ಕೆ ಏರಿಸಿತು. 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರಕ್ಕೆ ದಿನಕ್ಕೆ ನಾಲ್ಕು ಭೇಟಿಗೂ ಅವಕಾಶ ಬಂತು.

2025ರ ನವೆಂಬರ್ 21ರಂದು ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆ, 2020 ಹಾಲೂಡಿಸುವ ಬಿಡುವನ್ನು ಉಳಿಸಿಕೊಂಡಿದೆ.

ಆದರೆ ಶಿಶುಪಾಲನಾ ಕೇಂದ್ರ ದೂರವಿದ್ದರೆ, ಇಳಿಜಾರು ಹತ್ತಿಳಿಯುವುದರಲ್ಲೇ ಬಿಡುವು ಮುಗಿಯುತ್ತದೆ. ಅಂಥಲ್ಲಿ ಹಿಂಡಿಟ್ಟ ಹಾಲೇ ಆಸರೆ. ಶುಚಿಯಾದ ಮುಚ್ಚಳದ ಪಾತ್ರೆಯಲ್ಲಿ, 25 ಡಿಗ್ರಿ ಸೆಲ್ಸಿಯಸ್ ಮೀರದಿದ್ದರೆ, ಅದು 4 ಗಂಟೆ ಕೆಡದು. ಫ್ರಿಜ್‌ನಲ್ಲಿ 4 ದಿನ.

ನೆನಪಿಡಿ: ಮೊದಲ 6 ತಿಂಗಳು ಎದೆಹಾಲು ಮಾತ್ರ, ವಿಶ್ವ ಸ್ತನ್ಯಪಾನ ಸಪ್ತಾಹ ಆಗಸ್ಟ್ 1ರಿಂದ 7, ಕರ್ನಾಟಕದ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರಗಳು ಶುರುವಾದದ್ದು ನರೇಗಾ ಕೂಲಿ ಮಹಿಳೆಯರ ಮಕ್ಕಳಿಗಾಗಿ.